ಹಾವಿನ ಹುಡುಗಿಗೆ ಉಡಿ

ಜೋಳ ಬೀಸಿಸಲು ಹೊರಟ ಹೆಂಗಸು ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದ್ದ ಚೀಲ ಇಳಿಸಿಕೊಂಡು, ಅದಕ್ಕೆ ಜೋಳ ಸುರಿದುಕೊಂಡು ನಡೆದರೆ ಅವಳದೇನು ತಪ್ಪು? ಚೀಲದ ತಳದಲ್ಲಿ ಪೇಪರಿನ ಪೊಟ್ಟಣವೊಂದು ಕಸ್ತೂರಮ್ಮನ ಕೈಗೆ ತಾಗಿದ್ದು ನಿಜ. ಕಾಳು ಸೋರದಿರಲೆಂದು ಗಂಡ ಪೇಪರು ಹಾಸಿಟ್ಟಿದ್ದಾನೆ, ಮದುವೆಯಾಗಿ ಇಷ್ಟು ವರ್ಷಕ್ಕಾದರೂ ಒಂದು ಬುದ್ಧಿ ಬಂತಲ್ಲ ಎಂದು ಅವಳು ಸಂತೋಷವನ್ನೇ ಪಟ್ಟಳು.

ಆ ಪೊಟ್ಟಣದಲ್ಲಿ ಒಂದು ಹಸಿರು ಸೀರೆ ಇತ್ತು. ಸೀರೆ ಅವಳಿಗೆಂದು ತಂದದ್ದಲ್ಲ.

ಅವಳ ಗಂಡ ಹಾಲೇಶಪ್ಪ ಹೊನ್ನಾಳಿಗೆ ನೀರು ಬಿಡುವವನು. ಅಂದು ಭಾನುವಾರ. ಬೆಳಗಿನ ನೀರು ಬಿಟ್ಟು, ವಾಲ್ವ್ ತಿರುವುವ ಉದ್ದನೆಯ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದವನು ಮೊದಲು ನೋಡಿದ್ದು ಗೂಟವನ್ನು. ಗೂಟ ಬರಿದಾಗಿತ್ತು.

“ಚೀಲ ಎಲ್ಲೇ?”

“ಗಿರಣ್ಯಾಗೆ ಇಟ್ಟು ಬಂದೀನಿ. ಮಂದಿ ಭಾಳ ಐತೆ, ಆಮೇಲೆ ಹೋಗಿ ತರ್ತೀನಿ. ಯಾಕ್ರೀ, ಮುಖ ಹಂಗ್ಯಾಕೆ ಮಾಡ್ಕೊಂಡ್ರಿ?”

“ಏನಿಲ್ಲ. ನಾನೇ ತರ್ತೀನಿ ಬಿಡು.”

ಇಷ್ಟು ವರ್ಷದಲ್ಲಿ ಒಮ್ಮೆಯೂ ಗಿರಣಿಯ ಮೆಟ್ಟಿಲು ಹತ್ತದ ಗಂಡ ಹಿಟ್ಟು ತರಲು ಓಡುವುದನ್ನು ಕಸ್ತೂರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಎದುರು ಮನೆಯ ಭೀಮಕ್ಕನೂ ನೋಡಿದಳು. ಭೀಮಕ್ಕನ ಕಣ್ಣಿಗೆ ಬೀಳದೆ ಆ ಬೀದಿಯಲ್ಲಿ ಇನ್ನೂ ಏನೂ ನಡೆದಿಲ್ಲ.

ಸೀರೆ ಯಾರಿಗೆ ಅಂತೀರಾ? ಒಂದು ಹಾವಿಗೆ. ಪೂರ್ತಿ ಹಾವಲ್ಲ, ಕುತ್ತಿಗೆಯಿಂದ ಕೆಳಗೆ ಮಾತ್ರ.

ನಲವತ್ತು ವರ್ಷದ ಹಿಂದಿನ ಮಾತು. ಮನೆಮನೆಗೆ ಟಿವಿ ಬಂದಿರದ ಆ ಕಾಲದಲ್ಲಿ ಸುಗ್ಗಿ ಮುಗಿಯುತ್ತಲೇ ಒಂದಲ್ಲ ಒಂದು ತಮಾಷೆ ಹೊನ್ನಾಳಿಗೆ ಬರುತ್ತಿತ್ತು. ಹಗಲೂ ರಾತ್ರಿ ಇಳಿಯದೆ ಸೈಕಲ್ ತುಳಿಯುವವನು, ಎದೆಗೆ ಟ್ಯೂಬ್‌ಲೈಟು ಒಡೆಸಿಕೊಳ್ಳುವವನು, ಮಣ್ಣಿನಲ್ಲಿ ಹೂಳಿಸಿಕೊಂಡು ಮರುದಿನ ಎದ್ದು ಚಾ ಕುಡಿಯುವವನು, ಬಿಳಿ ಪರದೆಯ ಮೇಲೆ ಒಂದೂ ಮಾತಾಡದೆ ಬಿದ್ದು ಎದ್ದು ಒದೆ ತಿಂದು ನಗಿಸುವವರ ತುಂಡು ಸಿನಿಮಾ. ಆ ಸಾಲಿನಲ್ಲೇ ಒಂದು ವರ್ಷ ಹಾವಿನ ಹುಡುಗಿಯ ಡೇರೆ ಬಂತು. ಹೊರಗೆ ಡೋಲು, ಮೈಕು. “ಬರ್ರಿ ಬರ್ರಿ! ತಲೆ ಮನುಷ್ಯಂದು, ಮೈ ಹಾವಿಂದು! ಹೆತ್ತವರ ಮಾತು ಮೀರಿ ಹಾವಾದ ಹುಡುಗಿ! ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತಾಳೆ!” ಒಳಗೆ ಒಂದು ಮೇಜು, ಮೇಜಿನ ಮೇಲೆ ಸುರುಳಿ ಸುತ್ತಿದ ಹಾವು, ಹಾವಿನ ತುದಿಗೆ ಹೂ ಮುಡಿದು ಕುಂಕುಮ ಇಟ್ಟ ಪುಟ್ಟ ಹುಡುಗಿಯ ತಲೆ. ಹಲಗೆಗೆ ತೂತು ಕೊರೆದು, ಕೆಳಗೆ ಕನ್ನಡಿ ಇಟ್ಟು, ಬಟ್ಟೆಯ ಹಾವು ಸುತ್ತಿ ಕಣ್ಣಿಗೆ ಮಣ್ಣೆರಚುತ್ತಿದ್ದರು ಎಂಬುದು ಈಗ ಎಲ್ಲರಿಗೂ ಗೊತ್ತು. ಆಗ ಊರಿನ ದೊಡ್ಡ ದೊಡ್ಡವರೇ ಚಪ್ಪಲಿ ಬಿಟ್ಟು ಕೈ ಮುಗಿದಿದ್ದರು.

ಹಾಲೇಶ ಆಗ ಹತ್ತನೇ ಕ್ಲಾಸು ಫೇಲಾದ ಹುಡುಗ. ಅಪ್ಪನಿಗೆ ಮುಖ ತೋರಿಸಲಾರದೆ ಹುಬ್ಬಳ್ಳಿ ಬಸ್ಸು ಹತ್ತಿ ಓಡಿಹೋಗಲು ಹೊರಟವನು. ಬಸ್ಸಿಗೆ ಇನ್ನೂ ಹೊತ್ತಿತ್ತು ಎಂದು ಡೇರೆ ಹೊಕ್ಕ. ಆಟ ಮುಗಿದು ಎಲ್ಲರೂ ಹೊರಟರೂ ಇವನು ಅಲ್ಲೇ ನಿಂತ. ಹಾವಿನ ಹುಡುಗಿ ಅವನನ್ನೇ ದಿಟ್ಟಿಸಿ, “ಮನೆಗೆ ಹೋಗು. ನಿಮ್ಮವ್ವ ಉಣ್ಣದೆ ಕುಂತಾಳೆ” ಅಂದಿತು. ಒಂದೇ ಉಸಿರಿಗೆ ಮನೆಗೆ ಓಡಿದ. ಅವ್ವ ನಿಜಕ್ಕೂ ಆರಿದ ಮುದ್ದೆಯ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ದಿನ ತಾಯಿ ಮಗ ಒಂದೇ ತಟ್ಟೆಯಲ್ಲಿ ಉಂಡರು. ಮರುವರ್ಷ ಪಾಸಾದ, ಕೆಲಸ ಸಿಕ್ಕಿತು, ಮದುವೆ ಮಕ್ಕಳು ಎಲ್ಲ ಆಯಿತು. ಅವ್ವ ಕೊನೆಯವರೆಗೂ ಅವನ ಕೈಯಿಂದಲೇ ಉಂಡು ಕಣ್ಣು ಮುಚ್ಚಿದಳು.

“ಮೈ ಸುಳ್ಳು ಅಂತ ನಂಗೂ ಗೊತ್ತೈತ್ರಪ್ಪ. ಆದ್ರೆ ಮಾತು ಸುಳ್ಳಲ್ಲ. ಇವತ್ತು ನಾನು ಉಣ್ಣೋ ಅನ್ನ ಆ ಹುಡುಗೀದು” ಎಂದು ಹಾಲೇಶಪ್ಪ ಸಂಜೆ ಹೊತ್ತು ಬೀದಿಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಕೇಳಿ ಕೇಳಿ ಬೀದಿಯವರಿಗೆ ಬಾಯಿಪಾಠವಾಗಿತ್ತು. ಎಲ್ಲರೂ ಒಂದೊಂದು ನೆಪ ಹೇಳಿ ಎದ್ದು ಹೋಗುತ್ತಿದ್ದರು. ಪಕ್ಕದ ಮನೆಯ ಗಿರಣಿ ಮರುಳಪ್ಪ ಒಬ್ಬ ಮಾತ್ರ ಏಳುತ್ತಿರಲಿಲ್ಲ. ಎದ್ದು ಹೋಗಿದ್ದರೇ ಚೆನ್ನಾಗಿತ್ತು ಎಂದು ಹಾಲೇಶಪ್ಪನಿಗೆ ಅನ್ನಿಸುತ್ತಿತ್ತು. ಕತೆ ಒಳ್ಳೇ ಜಾಗಕ್ಕೆ ಬಂದಾಗಲೇ ಆತ, “ಅಲ್ಲ ಹಾಲೇಶಣ್ಣ, ಮುಖ ಹೆಂಗಿತ್ತು ಅಂದ್ರಿ?” ಎಂದು ಅಡ್ಡ ಬಾಯಿ ಹಾಕುತ್ತಿದ್ದ. ಮೇಲಾಗಿ ಬೀದಿಯ ತಿರುವಿನಲ್ಲಿದ್ದ ಅವನ ಗಿರಣಿಯ ಹಿಟ್ಟಿನ ಧೂಳು ಗಾಳಿಗೆ ಬಂದು ಹಾಲೇಶಪ್ಪನ ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು, ಹಾಲೇಶಪ್ಪನ ಏಣಿ ಅವನ ಗಿರಣಿಯಲ್ಲಿ ನಿಂತುಬಿಟ್ಟಿತ್ತು. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಹಿಂದಿನ ವಾರ ಚನ್ನಗಿರಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ ಹಾಲೇಶಪ್ಪ ಊಟದ ಪಂಕ್ತಿಯಲ್ಲೂ ಅದೇ ಕತೆ ತೆಗೆದ. ಎಲೆಯ ಆಚೆ ಕೂತಿದ್ದವರು ಯಾರೋ, “ಆ ಡೇರೆ ಯಜಮಾನನ ಹೆಂಡ್ತಿ ಅಂತರಘಟ್ಟಮ್ಮ ಇನ್ನೂ ಗಟ್ಟಿ ಅದಾಳಲ್ರೀ, ಗೋವಿನಕೋವ್ಯಾಗೆ ಮಗಳ ಮನ್ಯಾಗೆ” ಅಂದುಬಿಟ್ಟರು. ಹಾಲೇಶಪ್ಪ ಎಲೆಯ ಮೇಲಿನ ಹೋಳಿಗೆ ಬಿಟ್ಟು ಎದ್ದ. ಇಷ್ಟು ಹತ್ತಿರ! ಅಂತರಘಟ್ಟಮ್ಮನನ್ನು ಕೇಳಿದರೆ ಆ ಹುಡುಗಿ ಎಲ್ಲಿದ್ದರೂ ಗೊತ್ತಾಗುತ್ತದೆ. ಹೆಣ್ಣುಮಗಳಿಗೆ ಋಣ ತೀರಿಸುವುದೆಂದರೆ ಉಡಿ ತುಂಬುವುದು: ಸೀರೆ, ಕುಬಸದ ಕಣ, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ. ಅದೊಂದು ಆಗದೆ ತಾನು ಸತ್ತರೆ ಮೇಲೆ ಅವ್ವನಿಗೆ ಏನು ಉತ್ತರ ಹೇಳಲಿ ಎಂಬುದು ಅವನಿಗೆ ಹತ್ತಿದ ಚಿಂತೆ.

ಆದರೆ ಉಡಿ ತುಂಬುವುದು ಮುತ್ತೈದೆಯರ ಕೆಲಸ. ಕಸ್ತೂರಮ್ಮನನ್ನು ಕೇಳುವಂತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಎಂದರೂ ಅವಳು, “ಆ ಹಾವನ್ನೇ ಕಟ್ಕೋಬೇಕಿತ್ತು, ಸಪ್ಪಗೆ ಅಡಿಗೆ ಮಾಡಿ ಹಾಕ್ತಿತ್ತು” ಅನ್ನುವವಳು. ಅಲ್ಲೇ ಯಾವಳಾದರೂ ಮುತ್ತೈದೆಯನ್ನು ಹಿಡಿದರಾಯಿತು ಎಂದುಕೊಂಡು ಹಾಲೇಶಪ್ಪ ಸೀರೆ ತಂದು ಚೀಲದಲ್ಲಿ ಬಚ್ಚಿಟ್ಟಿದ್ದ.

ಗಿರಣಿಗೆ ಬಂದು ನೋಡಿದರೆ ಮರುಳಪ್ಪ ಪೊಟ್ಟಣ ಬಿಚ್ಚಿ ಸೀರೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಿದ್ದ. ಮೈಗೆ ಹಿಟ್ಟು, ಹುರಿ ಮಾಡಿದ ದಪ್ಪ ಮೀಸೆಗೆ ಹಿಟ್ಟು, ಸೀರೆಗೂ ಹಿಟ್ಟು.

“ಹಾಲೇಶಣ್ಣ, ಇದನ್ನ ಸಣ್ಣಗೆ ಬೀಸ್ಲೋ, ತರಿ ತರಿ ಬೀಸ್ಲೋ?”

ಸಾಲಿನಲ್ಲಿದ್ದ ಹೆಂಗಸರೆಲ್ಲ ಘೊಳ್ಳನೆ ನಕ್ಕರು. ಹಾಲೇಶಪ್ಪ ಅವನನ್ನು ಹಿಟ್ಟಿನ ಮೂಟೆಗಳ ಹಿಂದಕ್ಕೆ ಎಳೆದುಕೊಂಡು ಹೋದ. ಬೇರೆ ದಾರಿ ಇರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ. ಗೋವಿನಕೋವಿ, ಅಂತರಘಟ್ಟಮ್ಮ, ಉಡಿ.

ಮರುಳಪ್ಪನ ಮುಖ ಬಿಳಿಚಿಕೊಂಡಿತೋ ಏನೋ, ಹಿಟ್ಟಿನಲ್ಲಿ ಗೊತ್ತಾಗಲಿಲ್ಲ. ಹೋಗಿ ಗಿರಣಿಯ ಮೋಟಾರು ಆಫ್ ಮಾಡಿದ. ಯಾರದೋ ರಾಗಿ ಅರ್ಧ ನುರಿದು ನಿಂತಿತು.

“ಬ್ಯಾಡ ಹಾಲೇಶಣ್ಣ, ಹೋಗಬ್ಯಾಡ್ರಿ. ಇಷ್ಟೊತ್ತಿಗೆ ಹಲ್ಲು ಬಿದ್ದು, ಕೂದ್ಲು ಉದುರಿ ಹೋಗಿರ್ತಾವೆ. ಆ ಮುಖದ ಕಳೆ ಬಗ್ಗೆ ಎಷ್ಟು ಚಂದ ಹೇಳ್ತೀರಿ ನೀವು! ಕಣ್ಣಾರೆ ನೋಡಿದ್ರೆ ಅದೆಲ್ಲ ಮಣ್ಣುಪಾಲು.”

“ನಾನೇನು ಹಲ್ಲು ಎಣಿಸಾಕೆ ಹೋಗ್ತಿದೀನಾ ಮಾರಾಯ? ಕೈ ಮುಗಿಯಾಕೆ ಹೋಗ್ತಿರೋದು.”

“ಹಂಗಾದ್ರೆ ಮುಂದಿನ ವರ್ಷ ಹೋಗ್ರಿ.”

“ಯಾಕೆ, ಮುಂದಿನ ವರ್ಷ ಹಲ್ಲು ಹುಟ್ತಾವೇನು?”

ಹಾಲೇಶಪ್ಪ ಸೀರೆ ಕಿತ್ತುಕೊಂಡು ಹೊರಗೆ ಬಂದು, ರಸ್ತೆಯ ಮಧ್ಯೆ ನಿಂತು ಎರಡು ಸಲ ಜೋರಾಗಿ ಕೊಡವಿದ. ಹಿಟ್ಟಿನ ಮೋಡ ಎದ್ದಿತು. ಮೋಡದ ಒಳಗಿನಿಂದ ಕೆಮ್ಮುತ್ತ ಭೀಮಕ್ಕ ಹೊರಬಂದಳು.

“ಅಯ್ಯ, ಕಸ್ತೂರಕ್ಕಗೆ ಸೀರೆ ತಂದೀರಾ? ಎಷ್ಟು ಚಂದೈತೆ!”

“ಹ್ಞೂಂ… ಅಲ್ಲ… ಭೀಮಕ್ಕ, ಇದನ್ನ ಯಾರಿಗೂ ಹೇಳಬ್ಯಾಡ್ರಿ. ಕಸ್ತೂರಿಗಂತೂ ಹೇಳಲೇ ಬ್ಯಾಡ್ರಿ.”

ಭೀಮಕ್ಕನಿಗೆ ಹೀಗೆ ಹೇಳುವುದೂ ಒಂದೇ, ಊರಲ್ಲಿ ಡಂಗುರ ಹೊಡೆಸುವುದೂ ಒಂದೇ. ಅವಳು ಕೊಳ್ಳಲು ಹೊರಟಿದ್ದ ಸೊಪ್ಪನ್ನು ಮರೆತು ಬಂದ ದಾರಿಯಲ್ಲೇ ತಿರುಗಿದಳು.

ಹಾಲೇಶಪ್ಪ ಪೇಟೆಯಲ್ಲಿ ಕೊಬ್ಬರಿ, ಬಾಳೆಹಣ್ಣು, ಎಲೆ ಅಡಿಕೆ, ಒಂದು ಹೊಸ ಚೀಲ ಕೊಂಡು ಬಸ್‌ಸ್ಟ್ಯಾಂಡಿಗೆ ಬಂದ. ಕಸ್ತೂರಮ್ಮನಿಗೆ ಫೋನು ಮಾಡಿ, “ಮೇನ್ ಪೈಪು ಒಡೆದೈತೆ ಕಣೇ, ಬರೋದು ಸಂಜೆ ಆಗ್ತೈತೆ” ಅಂದ. ಆ ಕಡೆಯಿಂದ “ಆಗ್ಲಿ ಬಿಡ್ರಿ” ಎಂಬ ಉತ್ತರ ಬಂತು. ಅಷ್ಟು ಸಲೀಸಾಗಿ ಬಂದ ಉತ್ತರ ಕೇಳಿ ಯಾವ ಗಂಡನಾದರೂ ಅಲ್ಲೇ ಹುಷಾರಾಗಬೇಕಿತ್ತು. ಹಾಲೇಶಪ್ಪ ಆಗಲಿಲ್ಲ.

ಫೋನಿಟ್ಟು ತಿರುಗಿದರೆ ಮರುಳಪ್ಪ! ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದ.

“ನ್ಯಾಮತಿ ಬಸ್ಸು ಇವತ್ತಿಲ್ಲಂತೆ ಹಾಲೇಶಣ್ಣ. ಕೆಟ್ಟು ನಿಂತೈತಂತೆ.”

“ಅದೋ ಬರ್ತಾ ಐತಲ್ಲ, ಬೋರ್ಡು ಕಾಣಲ್ವಾ?”

“ಹೌದಲ್ಲ! ಹಂಗಾದ್ರೆ ಚೀಲ ಕೊಡ್ರಿ ಇಲ್ಲಿ. ಕಿಟಕಿಯಾಗಿಂದ ಹಾಕಿ ಸೀಟು ಹಿಡಿತೀನಿ.”

ಬಸ್ಸಿನ ಸೀಟಿಗೆ ಟವೆಲೋ ಚೀಲವೋ ಹಾಕಿ ಹಿಡಿಯುವುದು ನಮ್ಮ ಕಡೆಯ ಕಾನೂನು. 'ಟವೆಲ್ ನಮ್ಮದು' ಎಂದರೆ ತಹಸೀಲ್ದಾರರೂ ಎದ್ದು ನಿಲ್ಲಬೇಕು. ಹಾಗಾಗಿ ಹಾಲೇಶಪ್ಪ ಚೀಲ ಕೊಟ್ಟ. ಮರುಳಪ್ಪ ಓಡಿಹೋಗಿ ಅದನ್ನು ಕಿಟಕಿಯಲ್ಲಿ ತೂರಿಸಿದ. ನ್ಯಾಮತಿ ಬಸ್ಸಿನ ಕಿಟಕಿಯಲ್ಲಲ್ಲ, ಪಕ್ಕದಲ್ಲಿ ಹೊರಡಲು ಗುರುಗುಡುತ್ತಿದ್ದ ಚನ್ನಗಿರಿ ಬಸ್ಸಿನ ಕಿಟಕಿಯಲ್ಲಿ. ಚೀಲ ಒಳಗೆ ಬಿತ್ತು, ಬಸ್ಸು ಹೊರಟಿತು.

“ಅಯ್ಯಯ್ಯೋ, ತಪ್ಪಾತಲ್ಲ ಹಾಲೇಶಣ್ಣ!”

ಹಾಲೇಶಪ್ಪ ಅಯ್ಯೋ ಎನ್ನಲೂ ನಿಲ್ಲದೆ ಪಂಚೆ ಎತ್ತಿ ಕಟ್ಟಿ ಓಡಿದ. ತರಕಾರಿ ಗಾಡಿಗೆ ಸೊಂಟ ತಾಗಿ ಟೊಮೆಟೊ ಉರುಳಿದವು, ಗಾಡಿಯವನು ಬೈಯುತ್ತ ಬೆನ್ನು ಹತ್ತಿದ, ಅವನ ಹಿಂದೆ ಏನು ಎತ್ತ ಗೊತ್ತಿಲ್ಲದ ಎರಡು ನಾಯಿಗಳು ಓಡಿದವು. ಮೊನ್ನೆ ತಮ್ಮ ಬೀದಿಗೆ ನೀರು ಬರಲಿಲ್ಲವೆಂದು ಸಿಟ್ಟಾಗಿದ್ದವರೊಬ್ಬರು, “ಓಡ್ರಿ ಓಡ್ರಿ, ಹಿಂಗೇ ನಮ್ಮ ಬೀದಿಗೂ ಒಂದಿನ ಓಡಿ ಬರ್ರಿ” ಎಂದು ಹುರಿದುಂಬಿಸಿದರು. ಸೇತುವೆಯ ಹತ್ತಿರ ಎದುರಿಗೆ ಭತ್ತದ ಹುಲ್ಲಿನ ಟ್ರ್ಯಾಕ್ಟರು ಬಂದು ಬಸ್ಸು ನಿಧಾನಿಸಿದ್ದರಿಂದ ಚೀಲ ಸಿಕ್ಕಿತು. ಅದರ ಮೇಲೆ ದಪ್ಪಗಿನ ಗಂಡಸೊಬ್ಬರು ಕೂತುಬಿಟ್ಟಿದ್ದರು. ಬಾಳೆಹಣ್ಣು ಸೀರೆಗೆ ಮೆತ್ತಿಕೊಳ್ಳದೆ ಪೇಪರಿನಲ್ಲೇ ಅಪ್ಪಚ್ಚಿಯಾಗಿದ್ದು ದೇವರ ದಯೆ. ಟೊಮೆಟೊದವನಿಗೆ ಸಮಾಧಾನ ಹೇಳಿ ಏದುಸಿರು ಬಿಡುತ್ತ ಹಾಲೇಶಪ್ಪ ಬಸ್‌ಸ್ಟ್ಯಾಂಡಿಗೆ ಮರಳಿದಾಗ ನ್ಯಾಮತಿ ಬಸ್ಸು ಇನ್ನೂ ನಿಂತೇ ಇತ್ತು. ಡ್ರೈವರು ಚಾ ಕುಡಿಯುತ್ತಿದ್ದ. ಹಾಲೇಶಪ್ಪ ಆ ಡ್ರೈವರಿಗೂ ಆ ಚಾಕ್ಕೂ ಮನಸ್ಸಿನಲ್ಲೇ ಕೈ ಮುಗಿದು ಹಿಂದಿನ ಬಾಗಿಲಿನಿಂದ ಹತ್ತಿದ. ಮರುಳಪ್ಪನೂ ಹತ್ತಿದ.

“ನೀನ್ಯಾಕೆ?”

“ನೀವು ಒಬ್ರೇ ಹೋಗೋದು ಹೆಂಗೆ ಅಂತ…” ಎಂದ ಮರುಳಪ್ಪ. ಅವನ ಮುಖ ಮೂರನೇ ಸಲ ಫೇಲಾದ ಹುಡುಗನ ಮುಖದ ಹಾಗಿತ್ತು.

ಗೋವಿನಕೋವಿಯಲ್ಲಿ ಬಸ್ಸು ನಿಂತಿತು. ಹಿಂದಿನ ಬಾಗಿಲಿನಿಂದ ಇವರಿಬ್ಬರು ಇಳಿದರು. ಮುಂದಿನ ಬಾಗಿಲಿನಿಂದ, ತಲೆ ತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಇಳಿದು, ಸೆರಗು ಸರಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಕಸ್ತೂರಮ್ಮ. ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಲ್ಲ, ಗಂಡನ ಬೆನ್ನು ಹತ್ತಲು ಆಧಾರ್ ಕಾರ್ಡು ಒಂದಿದ್ದರೆ ಸಾಕು.

“ಏನ್ರೀ, ಗೋವಿನಕೋವಿಗೂ ನೀವೇ ನೀರು ಬಿಡ್ತೀರೇನು? ಪೈಪು ಎಲ್ಲೊಡೆದೈತೆ, ತೋರಿಸ್ರಿ ನೋಡಾಣ.”

ಹಾಲೇಶಪ್ಪ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ. ಮರುಳಪ್ಪ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

“ಆ ಸೀರೆ ಯಾರಿಗೆ? ಭೀಮಕ್ಕ ಎಲ್ಲಾ ಹೇಳ್ಯಾಳೆ, ಫೋನ್ನಾಗೆ ಬಸ್‌ಸ್ಟ್ಯಾಂಡಿನ ಗದ್ದಲಾನೂ ಕೇಳಿಸ್ತು. ನಮ್ಮಪ್ಪ ಅಮ್ಮ ಇಲ್ಲದಿದ್ರೂ ಅಣ್ಣತಮ್ಮರು ಅದಾರೆ, ನಾನು ಇಲ್ಲಿಂದ ಹಂಗೇ ತೌರಿಗೆ ಹೋಗಾಕೆ ತಯಾರಾಗೇ ಬಂದೀನಿ.”

“ಅವ್ವನಾಣೆ ಕಣೇ, ಹಂಗೇನಿಲ್ಲ! ಹಾವಿನ ಹುಡುಗಿಗೆ. ಆ ಡೇರೆ ಯಜಮಾನನ ಹೆಂಡ್ತಿ ಅಂತರಘಟ್ಟಮ್ಮ ಇಲ್ಲೇ ಅದಾಳಂತೆ, ಕೇಳಿದ್ರೆ ಹುಡುಗಿ ಎಲ್ಲೈತೆ ಅಂತ ಹೇಳ್ತಾಳೆ. ಒಂದು ಸಲ ಉಡಿ ತುಂಬಿ ಕೈ ಮುಗಿದು ಬಂದ್ಬಿಡ್ತೀನಿ. ಆಕಿ ಅವತ್ತು ಹಂಗನ್ನದಿದ್ರೆ ನಾನು ಹುಬ್ಬಳ್ಳ್ಯಾಗೆ ಯಾವ ಹೋಟ್ಲಾಗೆ ಲೋಟ ತೊಳೀತಿದ್ನೋ. ನೀನು ಸಿಗ್ತಿದ್ಯಾ? ಮಕ್ಳು ಇರ್ತಿದ್ವಾ?” ಎಂದ ಹಾಲೇಶಪ್ಪ.

ಕಸ್ತೂರಮ್ಮ ಗಂಡನ ಮುಖವನ್ನೇ ನೋಡಿದಳು. ಕಟ್ಟೆಯ ಮೇಲೆ ಆ ಕತೆ ಕೇಳಿ ಸಾಕಾಗಿದ್ದವಳೇ. ಆದರೆ ಕತೆಯ ಕೊನೆಯಲ್ಲಿ ತಾನೂ ಇದ್ದೇನೆ ಎಂಬುದು ಅವಳಿಗೆ ಇದೇ ಮೊದಲ ಸಲ ಕೇಳಿಸಿತು. ಸೊಂಟದ ಮೇಲಿನ ಕೈ ತಾನಾಗಿ ಕೆಳಗಿಳಿಯಿತು.

“ಇದನ್ನ ನಂಗೆ ಹೇಳಾಕೇನಾಗಿತ್ತು? ಗಂಡಸು ಉಡಿ ತುಂಬಾಕೆ ಬಂದಾನಂತೆ! ಕೊಡ್ರಿ ಇಲ್ಲಿ ಚೀಲ. ಅಕ್ಕಿ ಎಲ್ಲಿ?”

ಅಕ್ಕಿ ತರುವುದನ್ನು ಹಾಲೇಶಪ್ಪ ಮರೆತಿದ್ದ.

“ಅಕ್ಕಿ ಇಲ್ಲದ ಉಡಿ! ಶಿವನೇ!” ಎಂದು ಕಸ್ತೂರಮ್ಮ ಹತ್ತಿರದ ಮನೆಯೊಂದರ ಬಾಗಿಲು ತಟ್ಟಿ ಎರಡು ಬೊಗಸೆ ಅಕ್ಕಿ ಈಸಿಕೊಂಡು ಬಂದಳು. ಅಂತರಘಟ್ಟಮ್ಮನ ಮನೆಯನ್ನೂ ಅವಳೇ ಕೇಳಿಕೊಂಡು ಬಂದಿದ್ದಳು.

“ನೀವು ಹೋಗಿ ಬರ್ರಿ. ನಾನು ಇಲ್ಲೇ ನೆಳ್ಳಾಗೆ ಕುಂತಿರ್ತೀನಿ” ಎಂದ ಮರುಳಪ್ಪ.

“ಗಿರಣಿ ಮುಚ್ಚಿ ಬಂದೀರಿ, ನೆಳ್ಳಾಗೆ ಕುಂದ್ರಾಕೇನು? ನಡೀರಿ ಸುಮ್ನೆ” ಎಂದಳು ಕಸ್ತೂರಮ್ಮ. ಅವಳ ದನಿಯಲ್ಲಿ ಬಸ್ಸಿನ ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು. ಮರುಳಪ್ಪ ಟವೆಲನ್ನು ತಲೆಗೆ ಸುತ್ತಿ, ಮೂಗಿನ ತನಕ ಎಳೆದುಕೊಂಡು ಹಿಂದೆ ಹಿಂದೆ ಬಂದ.

ಅಂತರಘಟ್ಟಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮುದುಕಿಯ ಮೈ ಒಂದು ಹಿಡಿಯಷ್ಟೇ, ಗಂಟಲು ಮಾತ್ರ ಇನ್ನೂ ಡೇರೆಯ ಮೈಕು. ಹಾಲೇಶಪ್ಪ ಅವಳ ಕಾಲಿಗೆ ಬಿದ್ದು, ಕತೆಯನ್ನೆಲ್ಲ ಹೇಳಿ, ಕೊನೆಗೆ ಕೇಳಿದ.

“ಅಜ್ಜೀ, ಆ ಹುಡುಗಿ ಈಗ ಎಲ್ಲೈತೆ? ಬದುಕೈತೇನು?”

ಮುದುಕಿ ಅವನನ್ನು ನೋಡುತ್ತಿರಲಿಲ್ಲ. ಅವನ ಬೆನ್ನ ಹಿಂದೆ ನೋಡುತ್ತಿದ್ದಳು.

“ಅದ್ಯಾರದು ಹಿಂದೆ, ಬಿಸಿಲಿಲ್ಲ ಏನಿಲ್ಲ, ಮುಸುಕು ಹಾಕ್ಕೊಂಡು ನಿಂತಿರೋದು? ತೆಗಿ ಟವೆಲ್ಲು.”

ಮುಸುಕು ಅಲ್ಲಾಡಲಿಲ್ಲ. ಮುದುಕಿ ಎದ್ದು ಬಂದು ತಾನೇ ಎಳೆದಳು. ಎಳೆದವಳು ಒಂದು ಗಳಿಗೆ ನಿಂತಳು. ಆಮೇಲೆ ಮರುಳಪ್ಪನ ಕಿವಿ ಹಿಡಿದು, ಬೀದಿಯ ಆ ತುದಿಗೆ ಕೇಳುವ ಹಾಗೆ ಕೂಗಿದಳು.

“ಲೇ ಮರುಳಾ! ನೀನೇನೋ! ಅಲ್ಲಪ್ಪ ಹೊನ್ನಾಳಿಯವ್ನೇ, ಹಾವಿನ ಹುಡುಗೀನ ಜೊತೆಗೇ ಕರ್ಕೊಂಡು ಬಂದು ಎಲ್ಲೈತೆ ಅಂತ ನನ್ನ ಕೇಳ್ತೀಯಲ್ಲ!”

ಹಾಲೇಶಪ್ಪ ಮರುಳಪ್ಪನ ಮುಖ ನೋಡಿದ. ಮೀಸೆ ನೋಡಿದ. ಮತ್ತೆ ಮುದುಕಿಯನ್ನು ನೋಡಿದ.

“ಇದಾ?”

“ಮತ್ಯಾರು? ಹೆಣ್ಣುಮಕ್ಳನ್ನ ಡೇರೆಗೆ ಯಾರು ಕಳಿಸ್ತಾರಪ್ಪ? ಜಗಳೂರಿನಾಗೆ ಆಟ ಹಾಕ್ದಾಗ ಸಿಕ್ಕ ಕೂಸು ಇದು, ತಾಯಿಲ್ಲ ತಂದಿಲ್ಲ. ಮುಖ ಹೆಣ್ಣಿನಂಗಿತ್ತು, ಹೂ ಮುಡಿಸಿ ಕೂರಿಸಿದ್ವಿ. ಮೀಸೆ ಚಿಗುರೋ ತನಕ ಹಾವಾಗಿದ್ದ.”

ಕಸ್ತೂರಮ್ಮ ಜಗಲಿಯ ಮೇಲೆ ಕುಸಿದು ಕೂತು ನಗತೊಡಗಿದಳು. ನಕ್ಕು ನಕ್ಕು ಕಣ್ಣೀರು ಬಂತು. “ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ! ಇಷ್ಟು ವರ್ಷ ಈ ಮೀಸೆಗೆ ನಾನು ಹೊಟ್ಟೆಕಿಚ್ಚು ಪಟ್ನಲ್ರೀ!”

ಹಾಲೇಶಪ್ಪನಿಗೆ ನಗು ಬರಲಿಲ್ಲ. “ಅಜ್ಜೀ, ಹಂಗಾದ್ರೆ ಆ ಮಾತು? ನಮ್ಮವ್ವ ಉಣ್ಣದೆ ಕುಂತಿದ್ದು ಇವ್ನಿಗೆ ಹೆಂಗೆ ಗೊತ್ತಾತು?”

“ಅದಾ? ಆಟ ಮುಗಿದ್ರೂ ಹುಡುಗ್ರು ಹೊರಗೆ ಹೋಗ್ತಿರ್ಲಿಲ್ಲ, ಮೇಜಿನ ಕೆಳಗೆ ಬಗ್ಗಿ ನೋಡ್ತಿದ್ರು. ಅವ್ರನ್ನ ಓಡಿಸಾಕೆ ನಾನೇ ಕಲಿಸಿದ್ದು. ಎಲ್ಲಾ ಊರಾಗೂ ಎಲ್ಲಾ ಹುಡುಗ್ರಿಗೂ ಅದೇ ಮಾತು. ಒಂದು ಸಲಾನೂ ಸುಳ್ಳಾಗ್ಲಿಲ್ಲ ನೋಡು. ಮಗ ಬರದೆ ಯಾವ ತಾಯಿ ಉಣ್ತಾಳಪ್ಪ?”

ಮೋಸ ಹೋದೆ ಎನ್ನಲು ಬಾಯಿ ತೆರೆದ ಹಾಲೇಶಪ್ಪನಿಗೆ ಆರಿದ ಮುದ್ದೆಯ ಮುಂದೆ ಕೂತಿದ್ದ ಅವ್ವ ಕಣ್ಣಿಗೆ ಕಟ್ಟಿದಳು. ಮಾತು ಯಾರನ್ನು ಓಡಿಸಲು ಆಡಿದ್ದಾದರೇನು, ತಾನು ಓಡಿದ್ದು ಮನೆಗೇ ಅಲ್ಲವೇ? ಕಣ್ಣು ತುಂಬಿ ಬಂತು.

“ಮರುಳಪ್ಪ, ಇಷ್ಟು ವರ್ಷ ಪಕ್ಕದಾಗೇ ಇದ್ದು ಯಾಕೆ ಹೇಳ್ಲಿಲ್ಲ?”

ಮರುಳಪ್ಪ ನೆಲ ನೋಡುತ್ತ ನಿಂತ. “ಹೆಂಗೆ ಹೇಳ್ಲಿ ಹಾಲೇಶಣ್ಣ? ನಂಗೆ ಅವ್ವನ ಮುಖಾನೇ ನೆನಪಿಲ್ಲ. ಆ ಮಾತು ಹೇಳಿದ ಕೂಡ್ಲೆ ಹುಡುಗ್ರು ಎದ್ದು ಓಡೋರಲ್ಲ, ಅವ್ರ ಬೆನ್ನು ನೋಡ್ತಾ ಕುಂದ್ರೋದು ನಂಗೆ ಭಾಳ ಇಷ್ಟ ಆಗೋದು. ಆಮೇಲೆ ಹೊನ್ನಾಳಿಗೆ ಬಂದು ಗಿರಣಿ ಹಾಕ್ದೆ. ನೀವು ಕಟ್ಟೆ ಮ್ಯಾಲೆ ಕುಂತು ಆ ಹುಡುಗಿ ಮುಖದಾಗೆ ಕಳೆ, ದನಿಯಾಗೆ ಕರುಣೆ, ದೇವ್ರಂಥಾಕಿ ಅಂತ ದಿನಾ ಹೇಳ್ತಿದ್ರಿ. ನನ್ನ ಹೆಂಡ್ತಿ ಒಂದಿನ ನನ್ನ ಹೊಗಳಿಲ್ಲ, ಮಕ್ಳು ಹೊಗಳಿಲ್ಲ. ಅದು ನಾನೇ ಅಂತ ಹೇಳಿದ್ರೆ, ‘ಥೂ, ಈ ಹಿಟ್ಟಿನ ಮೂತಿನಾ?’ ಅಂತ ಅವತ್ತಿಗೇ ನೀವು ನಿಲ್ಲಿಸ್ಬಿಡ್ತಿದ್ರಿ. ಇವತ್ತೂ ಅದೇ ಹೆದ್ರಿಕೆ.”

ಕಸ್ತೂರಮ್ಮನೇ ಎದ್ದು ಸೆರಗು ಸರಿಮಾಡಿಕೊಂಡಳು. ಮಾತು ಕಲಿಸಿದವಳಿಗೆ ಸೀರೆ ಎಂದು ಹಸಿರು ಸೀರೆಯನ್ನು ಅಂತರಘಟ್ಟಮ್ಮನ ಕೈಯಲ್ಲಿಟ್ಟು ನಮಸ್ಕಾರ ಮಾಡಿದಳು. ಮುದುಕಿ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಹಿಟ್ಟಿನ ಪುಡಿ ಹಾರಿ ಎರಡು ಸಲ ಸೀನಿದಳು.

“ಇನ್ನು ಮಾತು ಆಡಿದವ್ರು ಬರ್ರಿ. ಒಡ್ಡ್ರಿ ಟವೆಲ್ಲು.”

“ಅಯ್ಯೋ ಅಕ್ಕಾರೆ, ಗಂಡಸಿಗೆ ಉಡಿನಾ?”

“ಹಾವಾಗಿದ್ದಾಗ ಇಲ್ಲದ ನಾಚಿಕೆ ಈಗ್ಯಾಕೆ? ಒಡ್ಡ್ರಿ ಅಂದ್ರೆ.”

ಮರುಳಪ್ಪ ಟವೆಲಿನ ಎರಡೂ ತುದಿ ಹಿಡಿದು ಮುಂದೆ ಒಡ್ಡಿದ. ಕಸ್ತೂರಮ್ಮ ಶಾಸ್ತ್ರ ಬಿಡದೆ ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು, ಎಲೆ ಅಡಿಕೆ ಇಟ್ಟಳು, ಅಪ್ಪಚ್ಚಿಯಾದ ಬಾಳೆಹಣ್ಣನ್ನೂ ಇಟ್ಟಳು. ಹಾಲೇಶಪ್ಪ ಎರಡೂ ಕೈ ಜೋಡಿಸಿದ. ಏನೇನೋ ಹೇಳಬೇಕೆಂದು ನಲವತ್ತು ವರ್ಷ ಕೂಡಿಟ್ಟಿದ್ದವನು, “ನೀನು ಚೆನ್ನಾಗಿರಪ್ಪ” ಎಂದಷ್ಟೇ ಹೇಳಿದ. ಹುರಿ ಮೀಸೆಯ ಮೇಲೆ ನೀರಿಳಿಯಿತು.

ಬಸ್ಸು ಹತ್ತುವ ಮುಂಚೆ ಮರುಳಪ್ಪ ಒಂದೇ ಒಂದು ಮಾತು ಬೇಡಿಕೊಂಡ. “ಊರಾಗೆ ಹೇಳಬ್ಯಾಡ್ರಿ ಹಾಲೇಶಣ್ಣ. ನನ್ನ ಮನ್ಯಾಗೂ ಗೊತ್ತಿಲ್ಲ. ಭೀಮಕ್ಕಗೆ ಗೊತ್ತಾದ್ರೆ ಗಿರಣಿ ಮುಚ್ಚಿ ಹೋಗ್ಬೇಕಾಗ್ತೈತೆ.” ಹಾಲೇಶಪ್ಪ ತಲೆಯಾಡಿಸಿದ. ಋಣ ತೀರಿತು, ಇನ್ನು ಹಗುರ ಎಂದು ಅವನಿಗೆ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಹೊನ್ನಾಳಿಯಲ್ಲಿ ಬೀದಿಯ ಬಾಯಿಗೆ ಬಂದರೆ, ನೀರಿಗೆ ಕೊಡ ಹಿಡಿದು ನಿಂತಷ್ಟು ಮಂದಿ. ನಡುವೆ ಭೀಮಕ್ಕ.

“ಸೀರೆ ಎಲ್ಲಿ?” ಎಂದಳು. “ಕಸ್ತೂರಕ್ಕನ ಕೈಯಾಗಿಲ್ಲ, ಚೀಲದಾಗಿಲ್ಲ. ಯಾರಿಗೆ ಉಡಿಸಿ ಬಂದ್ರಿ ಹಾಲೇಶಣ್ಣ? ಬೀದಿಯಾಗೆ ಮರ್ಯಾದಸ್ಥರು ಅದೀವಿ, ಹೇಳ್ರಿ.”

ಹೇಳುವುದೇನೂ ಕಷ್ಟವಿರಲಿಲ್ಲ. 'ಆ ಹುಡುಗಿ ಹುಡುಗಿಯೇ ಅಲ್ಲ, ಇಗೋ ಈ ಮರುಳಪ್ಪ' ಎಂದರೆ ಹಾಲೇಶಪ್ಪನ ಮಾನ ಅಲ್ಲೇ ಉಳಿಯುತ್ತಿತ್ತು. ಅವನು ಬಾಯಿ ತೆರೆದ. ಮರುಳಪ್ಪ ಟವೆಲಿನ ಗಂಟನ್ನು ಎದೆಗವಚಿಕೊಂಡು ಅವನ ಮುಖವನ್ನೇ ನೋಡುತ್ತಿದ್ದ.

“ಹಾವಿನ ಹುಡುಗಿ ಸಿಕ್ಕಳು” ಎಂದ ಹಾಲೇಶಪ್ಪ.

“ಅಂದ್ರೆ ನಿಜಕ್ಕೂ ಒಬ್ಬಳು ಅದಾಳೆ!” ಎಂದು ಭೀಮಕ್ಕ ಎದೆ ಮೇಲೆ ಕೈಯಿಟ್ಟುಕೊಂಡಳು. “ಎಲ್ಲಿರೋದು? ಗಂಡ ಇದಾನಾ?”

“ಅದೆಲ್ಲ ಕೇಳಬ್ಯಾಡ್ರಿ.”

ಇದಕ್ಕಿಂತ ಕೆಟ್ಟ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೀಮಕ್ಕ ಕಸ್ತೂರಮ್ಮನ ಕೈ ಹಿಡಿದು, “ಹೆಂಗೆ ಸಹಿಸ್ಕೊಂಡ್ಯೆ ನನ್ನವ್ವ?” ಎಂದಳು.

“ಏನ್ಮಾಡ್ಲಿ ಭೀಮಕ್ಕ, ನಾನೇ ಕೈಯಾರೆ ಉಡಿ ತುಂಬಿ ಬಂದೆ” ಎಂದ ಕಸ್ತೂರಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಲುಕುವುದನ್ನು ಕಂಡವರು ಅಳುತ್ತಿದ್ದಾಳೆ ಎಂದುಕೊಂಡರು. ಪಾಪ ಪಾಪ ಎಂದು ನಾಲ್ಕು ಜನ ಸಮಾಧಾನ ಹೇಳಲು ಬಂದರು. ನಾಳೆಯಿಂದ ಹಾಲೇಶಪ್ಪ ಯಾವ ಬೀದಿಗೆ ನೀರು ಬಿಡಲು ಹೋದರೂ ಜನ ನೀರಿನ ವಿಷಯ ಬಿಟ್ಟು ಬೇರೆ ಮಾತಾಡುವುದು ಖಂಡಿತವಾಯಿತು.

ಆಗ ಮರುಳಪ್ಪ ಕೆಮ್ಮಿದ. ಅವನ ಮುಖಕ್ಕೆ ಬಣ್ಣ ಬಂದಿತ್ತು, ಮೀಸೆಯ ತುದಿಗಳು ಮೇಲೆದ್ದಿದ್ದವು.

“ಹಾಲೇಶಣ್ಣ, ಆ ಮುಖದ ಕಳೆ ಇನ್ನೂ ಹಂಗೇ ಐತೇನು?”

ಹಾಲೇಶಪ್ಪ ಹಲ್ಲು ಕಚ್ಚಿದ. “ಹಂಗೇ ಐತಪ್ಪ.”

“ವರ್ಷಾ ವರ್ಷಾ ಬಂದು ಉಡಿ ತುಂಬ್ತೀನಿ ಅಂತ ಮಾತು ಕೊಟ್ರಲ್ಲ, ನಾನು ಅಲ್ಲೇ ಇದ್ನಲ್ಲ” ಎಂದು ಮರುಳಪ್ಪ ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳಿ, ಗಂಟನ್ನು ಒಮ್ಮೆ ತೂಗಿ ನೋಡಿದ. “ಮುಂದಿನ ವರ್ಷ ಕೊಬ್ಬರಿ ಸ್ವಲ್ಪ ದೊಡ್ಡದಿರ್ಲಿ ಅಂದ್ಲು, ಅಲ್ಲೇನು?”

ಹಾಲೇಶಪ್ಪನಿಗೆ ಅವನ ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಅದೇ ಹೊತ್ತಿಗೆ, ಅದೇ ಕುತ್ತಿಗೆಯ ಮೇಲಿನ ಹೂ ಮುಡಿದ ತಲೆಯೊಂದು ತನ್ನನ್ನು ಮನೆಗೆ ಕಳಿಸಿದ್ದೂ ಅವನಿಗೆ ನೆನಪಾಯಿತು.

“ಅಂದ್ಲಪ್ಪ, ಅಂದ್ಲು” ಎಂದು ಕೈ ಮುಗಿದ.